ಓಡಿ ಬಂದ ಮೀಸಲು

ಬೂಕನಕೆರೆಯಿಂದ ಒಂದು ಹರದಾರಿ ಆಚೆಗಿನ ಆ ಹಳ್ಳಿಯಲ್ಲಿ ಹೆಂಗಸರು ಕೋಳಿ ಕೂಗುವ ಮೊದಲೇ ಏಳುವುದು ಹೊಸದೇನಲ್ಲ. ಎದ್ದು ಬಾಗಿಲಿಗೆ ನೀರು ಹಾಕಿ, ಹಾಲು ಕರೆದು, ಡೇರಿಗೆ ಹಾಕಿ ಬರುವುದು ಎಲ್ಲರ ಮನೆಯ ಪದ್ಧತಿ. ಆದರೆ ತಿಮ್ಮರಾಜು ಅವರ ಸೊಸೆ ಹೇಮಶ್ರೀ ವಾರದಲ್ಲಿ ಮೂರು ದಿನ ಎದ್ದು, ಕೂದಲನ್ನು ಬಿಗಿಯಾಗಿ ಗಂಟು ಹಾಕಿ, ದೇವರ ಗೂಡಿಗೆ ಕೈಮುಗಿದು, ಹೊಸಿಲಾಚೆ ಶೂ ಏರಿಸಿಕೊಂಡು ನಾಲೆ ಏರಿಯ ಮೇಲೆ ಓಡುತ್ತಿದ್ದಳು. ಮಂಗಳವಾರ ಐದು ಕಿಲೋಮೀಟರು, ಗುರುವಾರ ಎಂಟು, ಭಾನುವಾರ ಮೈಯಲ್ಲಿ ಎಷ್ಟು ಕಸುವಿದೆಯೋ ಅಷ್ಟು. ಓಡಿ ಬಂದು ಸ್ನಾನ ಮಾಡಿ, ಮಗಳು ಅನುವಿಗೆ ಜಡೆ ಹೆಣೆದು, ಮುದ್ದೆ ತೊಳಸಿಟ್ಟು, ಎಂಟು ಮುಕ್ಕಾಲಿನ ಬಸ್ಸಿಗೆ ಕೃಷ್ಣರಾಜಪೇಟೆಗೆ ಹೊರಡುತ್ತಿದ್ದಳು. ಅಲ್ಲಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಅವಳಿಗೆ ಕೆಲಸ. ಗಂಡ ಲೋಕೇಶ ನಾಗಮಂಗಲದ ಕಡೆಯ ಬಸ್ಸಿನಲ್ಲಿ ಕಂಡಕ್ಟರು. ವಾರದಲ್ಲಿ ಮೂರು ರಾತ್ರಿ ಮನೆಯಲ್ಲಿರುತ್ತಿರಲಿಲ್ಲ.

ಅಡುಗೆಮನೆಯ ಗೋಡೆಯಲ್ಲಿ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲಿ ಓಟದ ದಿನಗಳಿಗೆಲ್ಲ ಹೇಮಶ್ರೀ ಕೆಂಪು ಸುತ್ತು ಹಾಕುವಳು. ಅದೇ ಚೌಕಗಳಲ್ಲಿ "ಕೆಂಪಿ ಹಸುವಿಗೆ ಜಂತಿನ ಔಷಧಿ", "ಅನು ಗಣಿತ ಪರೀಕ್ಷೆ", "ಮಾವನ ಮಾತ್ರೆ" ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಿದ್ದಳು. ಒಂದು ಇನ್ನೊಂದನ್ನು ಅಳಿಸಿದ್ದನ್ನು ತಿಮ್ಮರಾಜು ನೋಡಿರಲಿಲ್ಲ.

ಮೊದಮೊದಲು ಊರಿಗೆ ಇದು ಅರ್ಥವಾಗಲಿಲ್ಲ. ಆ ಕಡೆ ಹೆಂಗಸೊಬ್ಬಳು ನಸುಕಿನಲ್ಲಿ ಓಡಿದಳೆಂದರೆ ಒಂದೋ ಹಸು ಹಗ್ಗ ಕಿತ್ತುಕೊಂಡಿರಬೇಕು, ಇಲ್ಲವೇ ಮನೆಯಲ್ಲಿ ಯಾರಿಗೋ ಕೆಟ್ಟದ್ದಾಗಿರಬೇಕು. ಸರ್ದಾರ್ ಪಾಷಾ ತಿಮ್ಮರಾಜು ಅವರೊಡನೆ ಒಂದೇ ಬೆಂಚಿನಲ್ಲಿ ಕೂತು ಪ್ರೈಮರಿ ಓದಿದವನು. ಲಗೇಜ್ ಆಟೊದಲ್ಲಿ ಎಳನೀರು ತುಂಬಿಕೊಂಡು ಬರುತ್ತಿದ್ದವನು ಅವಳನ್ನು ಕಂಡು ಗಾಬರಿಬಿದ್ದು ಬ್ರೇಕು ಹಾಕಿದ್ದ.

"ಹತ್ತು ಬೇಟಿ, ಬೇಗ ಹತ್ತು! ಯಾರ್ಗೇನಾಯ್ತು? ಆಸ್ಪತ್ರೆಗಾ?"

"ಯಾರ್ಗೂ ಏನೂ ಆಗಿಲ್ಲ ಚಾಚಾ. ಸುಮ್ನೆ ಓಡ್ತಿದ್ದೀನಿ."

ಪಾಷಾ ನಂಬಲಿಲ್ಲ. ಒಂದು ಮೈಲಿ ಅವಳ ಹಿಂದೆಯೇ ನಿಧಾನವಾಗಿ ಆಟೊ ಬಿಟ್ಟುಕೊಂಡು ಬಂದು, ತಿಮ್ಮರಾಜು ಅವರ ಮನೆ ಮುಂದೆ ನಿಂತು ಕೂಗಿದ. "ಲೇ ತಿಮ್ಮ, ನಿನ್ ಸೊಸೆ ಸುಮ್‌ಸುಮ್ನೆ ಓಡ್ತಾವ್ಳೆ ಕಣ್ಲಾ! ಮನೇಲಿ ಏನಂದ್ರಿ ಆ ಮಗೀಗೆ?"

ಆಗ ಕೊಟ್ಟಿಗೆಯಿಂದ ಹಾಲಿನ ಚೊಂಬು ಹಿಡಿದು ಹೊರಗೆ ಬಂದವಳು ಅಣ್ಣಮ್ಮ, ತಿಮ್ಮರಾಜು ಅವರ ಹೆಂಡತಿ. "ಏ ಪಾಷಣ್ಣ, ನಾನೇ ಕಳ್ಸಿರೋದು. ಅವ್ಳು ಓಡ್ ಬಂದ್ ದಿನ ಯಾರ್ ಮೇಲೂ ರೇಗಾಕಿಲ್ಲ. ನಮ್ಗೆ ಅದೇ ಲಾಬ. ನೀನು ಎಳ್ನೀರ್ ಮಾರೋಗು."

ಅದು ನಿಜವಾಗಿತ್ತು. ಹೇಮಶ್ರೀ ಮದುವೆಗೆ ಮೊದಲು ಕಾಲೇಜಿನಲ್ಲಿ ಓಡುತ್ತಿದ್ದವಳು, ತಾಲ್ಲೂಕು ಪಂದ್ಯದಲ್ಲಿ ಒಂದು ಸ್ಟೀಲ್ ಜಗ್ಗು ಗೆದ್ದವಳು. ಮದುವೆಯಾಗಿ ಹತ್ತು ವರ್ಷ ಆ ಜಗ್ಗು ಅಟ್ಟದ ಮೇಲಿತ್ತು. ಮೂರು ವರ್ಷದ ಹಿಂದೆ ಅಟ್ಟ ಗುಡಿಸುವಾಗ ಅಣ್ಣಮ್ಮನ ಕೈಗೆ ಸಿಕ್ಕಿತು. ಅತ್ತೆ ಕೇಳಿದಳು, ಸೊಸೆ ಹೇಳಿದಳು. ಮಾರನೆಯ ದಿನವೇ ಅಣ್ಣಮ್ಮ, "ಆಲು ನಾನ್ ಕರ್ಕತೀನಿ, ನೀನು ಓಡಿ ಬಾ ಓಗು" ಎಂದುಬಿಟ್ಟಳು. ಯಾಕೆ ಅಷ್ಟು ಬೇಗ ಒಪ್ಪಿದಳೆಂದು ತಿಮ್ಮರಾಜು ಆಗ ಯೋಚಿಸಲಿಲ್ಲ.

ಹೋದ ಕಾರ್ತಿಕದಲ್ಲಿ ಒಂದು ಸಂಜೆ, ಕೊಟ್ಟಿಗೆಯಿಂದ ಬಂದು ಎದೆ ಹಿಡಿದುಕೊಂಡು ಕೂತ ಅಣ್ಣಮ್ಮ ಮತ್ತೆ ಏಳಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಿ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಬಂದ ದಿನ ತಿಮ್ಮರಾಜು ಮನೆಯ ಜಗಲಿಯ ಮೇಲೆ ಕೂತು, ನಲವತ್ತಾರು ವರ್ಷ ಜೊತೆಗಿದ್ದವಳನ್ನು ಕರೆದುಕೊಂಡ ಸ್ವಾಮಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದರು. ಬರಲಿಲ್ಲ. ಶನಿವಾರ ಎದ್ದು ಎಂದಿನಂತೆ ನಾಮ ಇಟ್ಟುಕೊಂಡು ತುಳಸಿಗೆ ನೀರು ಹಾಕಿದರು. ಎರಡು ಲೋಟ ಕಾಫಿಗೆ ಅಭ್ಯಾಸವಾಗಿದ್ದ ಕೈ ಎರಡನೆಯದನ್ನು ಹಿಡಿದು ಎಲ್ಲಿಡುವುದೆಂದು ತಿಳಿಯದೆ ನಿಂತಿತು, ಅಷ್ಟೇ.

ಹೇಮಶ್ರೀಯ ಓಟ ನಿಂತುಹೋಯಿತು. ಬೆಳಗಿನ ಹಾಲು ಅವಳ ಪಾಲಿಗೆ ಬಂತು. ಶೂಗಳು ಕವರಿನೊಳಗೆ ಅಟ್ಟ ಸೇರಿದವು. ಹೊಸ ಕ್ಯಾಲೆಂಡರಿನಲ್ಲಿ ಮಾತ್ರೆ, ಪರೀಕ್ಷೆ, ಜಂತಿನ ಔಷಧಿ ಎಲ್ಲ ಇದ್ದವು. ಕೆಂಪು ಸುತ್ತು ಒಂದೂ ಇರಲಿಲ್ಲ. ಅನುವಿನ ಜಡೆ ಹೆಣೆಯುವಾಗ ಕೂದಲು ಎಳೆದು, ಮಗು ಅತ್ತರೆ ತಾನೂ ಅಳುವಳು. ಸಂಕ್ರಾಂತಿಯ ಮುಂದಿನ ಒಂದು ಮಂಗಳವಾರ ತಿಮ್ಮರಾಜು ನಾಲ್ಕೂವರೆಗೆ ಎದ್ದು, ಮಣೆ ಹಾಕಿಕೊಂಡು ಕೆಂಪಿಯ ಬುಡದಲ್ಲಿ ಕೂತರು. ಹೇಮಶ್ರೀ ಬಂದು ನೋಡಿ ದಂಗಾದಳು.

"ಮಾವ, ಏನಿದು? ನಿಮ್ಗೆ ಮಂಡಿ ನೋವು."

"ಮಂಡಿ ನೋಯೋದು ನಡುದ್ರೆ. ಕೂತ್ಕಂಡ್ ಆಲ್ ಕರ್ಯಕ್ಕೆ ಏನು ರೋಗ? ಶೂ ತೆಗ್ದು ಬಾಗ್ಲ ತಾವ ಇಟ್ಟಿವ್ನಿ. ಓಗವ್ವ, ಬೆಳಕರೀತದೆ."

ಅವಳು ಕೂದಲು ಗಂಟು ಹಾಕಿಕೊಂಡು ಹೋದಳು. ಕತ್ತಲಲ್ಲಿ ಹೆಜ್ಜೆಯ ಸದ್ದು ಮೊದಲು ಎಡವಿ ಎಡವಿ, ಆಮೇಲೆ ಒಂದೇ ಸಮನಾಗಿ ಕೇಳಿಸಿತು. ಅಂದಿನಿಂದ ಅವರು ಅವಳನ್ನು ನೋಡುತ್ತ ಬಂದರು. ಜ್ವರ ಬಂದ ಮಗುವಿನ ಪಕ್ಕ ರಾತ್ರಿ ಕೂತಿದ್ದರೆ ಬೆಳಗ್ಗೆ ಓಡುತ್ತಿರಲಿಲ್ಲ. ಆದರೆ ಅದನ್ನು ಬುಧವಾರಕ್ಕೆ ತಳ್ಳಿ ತೀರಿಸುವಳು. ಮನೆಗೆ ನೆಂಟರು ಬಂದರೆ ಹತ್ತು ಕಿಲೋಮೀಟರು ಐದಾಗುವುದು, ಸೊನ್ನೆಯಾಗದು. ಪೂಜೆಗೆ ಕೂತವರ ಶಿಸ್ತು ಅದು. ತಾವು ಐವತ್ತು ವರ್ಷ ಶನಿವಾರ ಮಾಡಿಕೊಂಡು ಬಂದದ್ದಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನಿದೆ ಎಂದು ಅವರಿಗೆ ಅನ್ನಿಸುವುದು. ಆದರೂ ಒಂದು ಭೇದ ಮನಸ್ಸಿನಲ್ಲಿತ್ತು. ಓಟ ಒಳ್ಳೆಯದೇ, ಆದರೆ ಅದು ದೇವರ ಕೆಲಸವಲ್ಲ.

ಆ ಭೇದವೇ ಮೀಸಲಿನ ವಿಷಯದಲ್ಲಿ ಅಡ್ಡ ಬಂತು.

ಅವರ ಮನೆಯಲ್ಲಿ ಹಸು ಕರು ಹಾಕಿದರೆ ಮೊದಲ ಬೆಣ್ಣೆಯನ್ನು ಕಾಯಿಸಿ, ಆ ತುಪ್ಪವನ್ನು ಮೇಲುಕೋಟೆಯ ಚೆಲುವರಾಯಸ್ವಾಮಿಯ ದೀಪಕ್ಕೆ ಒಪ್ಪಿಸಬೇಕು. ಅದೇ ಮೀಸಲು. ಅದನ್ನು ಒಪ್ಪಿಸುವ ತನಕ ಆ ಹಸುವಿನ ಹಾಲನ್ನು ಡೇರಿಗೆ ಹಾಕಬಹುದು, ಕಾಫಿಗೆ ಬಳಸಬಹುದು. ಬೆಣ್ಣೆ ತುಪ್ಪ ಮಾತ್ರ ಮನೆಯವರ ನಾಲಗೆಗೆ ತಾಗಬಾರದು. ಮೀಸಲು ಹೋಗುವ ಕ್ರಮವೂ ಕಟ್ಟುನಿಟ್ಟು. ಮನೆಯವರೇ ಹೊರಬೇಕು, ಗಾಡಿ ಹತ್ತಿಸಬಾರದು, ಹೊತ್ತವರು ಹಾದಿಯಲ್ಲಿ ಕೂರಬಾರದು, ತಂಬಿಗೆ ಸ್ವಾಮಿಯ ಮುಂದೆಯೇ ನೆಲ ಮುಟ್ಟಬೇಕು. ಒಳದಾರಿಯಲ್ಲಿ ಇಪ್ಪತ್ತೆರಡು ಕಿಲೋಮೀಟರು. ಅಣ್ಣಮ್ಮ ಇದ್ದಷ್ಟು ಕಾಲ ಅವಳೇ ಹೊತ್ತು ಹೋಗಿ ಬರುತ್ತಿದ್ದಳು.

ಹೋದ ವರ್ಷ ಕೆಂಪಿ ಕರು ಹಾಕಿದಾಗಲೂ ಅವಳೇ ತುಪ್ಪ ಕಾಯಿಸಿ, ಹಿತ್ತಾಳೆಯ ತಂಬಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ದೇವರ ಗೂಡಿನ ಪಕ್ಕದ ನೆಲುವಿಗೆ ಇಟ್ಟಿದ್ದಳು. ಮೇಲುಕೋಟೆಗೆ ಹೋಗುವ ಮೊದಲೇ ತಾನು ಹೊರಟುಹೋದಳು. ಸಾವಾದ ಮನೆಯವರು ವರ್ಷ ತುಂಬುವ ತನಕ ಬೆಟ್ಟ ಹತ್ತುವಂತಿಲ್ಲ. ಹೀಗಾಗಿ ತುಪ್ಪ ಒಂದು ವರ್ಷ ನೆಲುವಿನಲ್ಲೇ ಉಳಿಯಿತು. ಎಂಟು ವರ್ಷದ ಅನು ಒಂದು ವರ್ಷ ಬೆಣ್ಣೆಯಿಲ್ಲದ ರೊಟ್ಟಿ ತಿಂದಳು.

ಅಣ್ಣಮ್ಮನ ತಿಥಿ, ವರ್ಷದ ಎಡೆ, ಹತ್ತಿರ ಬಂದಾಗ ತಿಮ್ಮರಾಜು ಹೇಳಿದರು. "ಎಡೆ ಮುಗುದ್ ಮ್ಯಾಲಿನ್ ಭಾನುವಾರ ಮೀಸ್ಲು ತಕಂಡ್ ನಾನೇ ಒಯ್ತೀನಿ. ಅವ್ಳು ಇಟ್ಟೋದ್ ಕೆಲ್ಸ. ನಾನ್ ಮುಗುಸ್ಬೇಕು."

ಲೋಕೇಶ ಮಂಡಿಯ ಕಡೆ ನೋಡಿ, "ಅಪ್ಪ, ನಮ್ ಬಸ್ಸಿನ್ ಮೆಟ್ಲು ಹತ್ತಕ್ಕೇ ನಿಮ್ಗೆ ಎಲ್ಡ್ ನಿಮ್ಸ ಬೇಕು" ಎಂದ.

"ನಿನ್ ಬಸ್ಸಿನ್ ಮೆಟ್ಲು ಸ್ವಾಮಿ ಬೆಟ್ಟುಕ್ಕಿಂತ ಎತ್ರ ಐತೆ ಕಣ್ಲಾ, ಅದುಕ್ಕೆ" ಎಂದು ಅವರು ಬಾಯಿ ಮುಚ್ಚಿಸಿದರು.

ಯಾರಿಗೂ ಹೇಳದೆ ಅಭ್ಯಾಸಕ್ಕೆ ತೊಡಗಿದರು. ಗುರುವಾರ ಹಾಲು ಕರೆದು, ಡೇರಿಗೆ ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ನಾಲೆ ಏರಿಯ ಮೇಲೆ ನಡೆದರು. ಮುಕ್ಕಾಲು ಮೈಲಿಯಲ್ಲಿ ತೂಬಿನ ಕಲ್ಲು ಸಿಕ್ಕಿತು. ಅಲ್ಲಿಗೆ ಮಂಡಿ ಕೈಕೊಟ್ಟಿತು. ಕೂತರು, ಏಳಲಾಗಲಿಲ್ಲ. ಅತ್ತ ಕಡೆಯಿಂದ ಓಡಿ ಬರುತ್ತಿದ್ದ ಹೇಮಶ್ರೀ ನಿಂತಳು. ಪಕ್ಕದಲ್ಲಿ ಕೂತು ಬೆವರು ಒರೆಸಿಕೊಂಡಳು.

"ಮಾವ, ನಾನ್ ತಗೊಂಡ್ ಹೋಗ್ತೀನಿ. ಭಾನುವಾರ ಹೇಗೂ ನನ್ ದೊಡ್ ಓಟ. ಕಳೆದ್ ತಿಂಗ್ಳು ಇಪ್ಪತ್ತು ಓಡಿದೀನಿ."

"ಓಡ್ಕಂಡಾ?" ತಿಮ್ಮರಾಜು ಬೆಚ್ಚಿದರು. "ಸ್ವಾಮಿ ತುಪ್ಪ ಕಣವ್ವ ಅದು. ಅಂಚೆ ಟಪಾಲಲ್ಲ."

"ನಡ್ಕೊಂಡ್ ಹೋದ್ರೆ ಐದಾರು ಗಂಟೆ ಮಾವ. ಬಿಸಿಲೇರಿ ತುಪ್ಪ ಕರಗುತ್ತೆ. ಈಗ ಚಳಿ, ಕಲ್ಲಂಗೆ ಗಟ್ಟಿಯಾಗಿದೆ. ಕತ್ಲಲ್ಲೇ ಹೊರಟು ಮೂರ್ ಗಂಟೇಲಿ ತಲುಪಿದ್ರೆ ಒಂದ್ ತೊಟ್ಟೂ ಚೆಲ್ಲಲ್ಲ. ಸಂಜೆ ಹಾಲಿಗೂ ಬರ್ಬೋದು."

"ಮೆಟ್ಟಾಕ್ಕಂಡು ಮೀಸ್ಲು ಹೊರ್ತಾರಾ?"

"ಇದು ಚರ್ಮ ಅಲ್ಲ ಮಾವ. ಬಟ್ಟೆ, ರಬ್ಬರು. ಬೆಟ್ಟದ್ ಊರ್ ಹತ್ರ ಬಿಡ್ತೀನಿ."

ಅವಳಲ್ಲಿ ಎಲ್ಲಕ್ಕೂ ಉತ್ತರವಿತ್ತು. ಅದರಿಂದಲೇ ಅವರಿಗೆ ಇನ್ನಷ್ಟು ಕಸಿವಿಸಿಯಾಯಿತು. "ಬ್ಯಾಡ ಕಣವ್ವ. ನಡ್ದೇ ಓಗಿದ್ಲು ನಿಮ್ಮತ್ತೆ. ಅವ್ಳ್ ಮೀಸ್ಲು ಅವ್ಳ್ ಓದಂಗೇ ಓಗ್ಬೇಕು" ಎಂದರು. ಹೇಮಶ್ರೀ ತಲೆಯಾಡಿಸಿ ಕೈ ಹಿಡಿದು ಎಬ್ಬಿಸಿದಳು. ಮನೆಯ ತನಕ ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದಳು. ಅಂದು ಅವಳ ಎಂಟು ಮುಕ್ಕಾಲಿನ ಬಸ್ಸು ತಪ್ಪಿತು.

ಎಡೆಗೆಂದು ಚಿನಕುರಳಿಯಿಂದ ಬಂದಿದ್ದ ಬೆಟ್ಟಮ್ಮ ಮೀಸಲು ಮುಗಿಯುವ ತನಕ ಉಳಿದರು. ಅಣ್ಣಮ್ಮನ ಅಕ್ಕ, ಎಂಬತ್ತರ ಹತ್ತಿರದ ಜೀವ, ಮಾತು ಮಾತ್ರ ಇಪ್ಪತ್ತರದು. ಶುಕ್ರವಾರ ಮಧ್ಯಾಹ್ನ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ತಿಮ್ಮರಾಜು ಮನಸ್ಸಿನ ಭಾರ ಇಳಿಸಿದರು. ಮಂಡಿ ಆಗದು. ಸೊಸೆ ಓಡುತ್ತೇನೆ ಎನ್ನುತ್ತಾಳೆ. ಮೀಸಲನ್ನು ಓಡಿಸಿಕೊಂಡು ಹೋದರೆ ಸ್ವಾಮಿ ಒಪ್ಪುತ್ತಾನೋ, ಅಣ್ಣಮ್ಮನ ಆತ್ಮ ನೊಂದುಕೊಳ್ಳುತ್ತದೋ.

ಬೆಟ್ಟಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ಅಣ್ಣಿ ನಡ್ಕಂಡ್ ಓಗ್ತಿದ್ಲು ಅಂತ ನಿಂಗೆ ಯಾರಯ್ಯ ಏಳಿದ್ದು?"

"ಮತ್ತೆ?"

"ನಾನೂ ಜತೇಲಿ ಓಯ್ತಿದ್ದೆ, ನಮ್ಮೂರಿಂದ ಇಲ್ಲಿಗ್ ಬಂದು. ನಿಮ್ಮೂರ್ ಮುಂದ್ಲ ಅಳ್ಳಿಮರ ದಾಟಾಗಂಟ ನಡ್ಯಳು. ಜನ ನೋಡ್ತಾರಲ್ಲ. ಮರ ದಾಟಿದ್ದೇ ಸೀರೆ ಎತ್ತಿ ಸೊಂಟುಕ್ ಸಿಗಿಸ್ಕಂಡು ತಗದ್ಲು ನೋಡು, ಕುದ್ರೆ! ನಾನು ಇಂದೆ ಏದುಸ್ರು ಬುಡ್ತಾ, 'ಅಣ್ಣಿ, ನಿಲ್ಲೇ' ಅಂತ ಕೂಗಾಡ್ತಾ ಓಗ್ಬೇಕು. 'ನಿಲ್ಲಕ್ಕಾಗಾಕಿಲ್ಲ ಅಕ್ಕ, ಸಂಜೆ ಆಲ್ಗೆ ಬರ್ಬೇಕು, ಮೊಗೀಗೆ ಆಲ್ ಕುಡುಸ್ಬೇಕು' ಅನ್ನಳು. ಓಡ್ಕಂಡೋಗಿ ಓಡ್ಕಂಡ್ ಬಂದವ್ಳೆ, ಪ್ರಾಯ್ದಲ್ಲಿ ಪ್ರತಿ ಸಲನೂವೆ. ವಯಸ್ಸಾದ್ ಮ್ಯಾಲೇ ನಡುದ್ದು. ನಡ್ಯವಾಗ ಬೇಜಾರು ಅನ್ನಳು."

"ನಂಗೆ ಒಂದ್ ದಿನನೂ ಏಳ್ನಿಲ್ಲ" ಎಂದರು ತಿಮ್ಮರಾಜು.

"ನೀನ್ ಕೇಳ್ದ್ಯಾ?"

ಕೇಳಿರಲಿಲ್ಲ. ನಲವತ್ತನಾಲ್ಕು ಕಿಲೋಮೀಟರು ಹೋಗಿ ಬಂದ ಹೆಂಗಸು ಅದೇ ಸಂಜೆ ಚೊಂಬು ಹಿಡಿದು ಕೊಟ್ಟಿಗೆಗೆ ಹೇಗೆ ಹೋದಳೆಂದು ಅವರು ಯಾವತ್ತೂ ಕೇಳಿರಲಿಲ್ಲ. ಹಾಲು ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ಮುದ್ದೆ ತಟ್ಟೆಗೆ ಬರುತ್ತಿತ್ತು. ಆದ್ದರಿಂದ ಕೇಳುವ ಪ್ರಸಂಗವೇ ಬರಲಿಲ್ಲ. ಸೊಸೆಯ ಜಗ್ಗನ್ನು ಕೈಯಲ್ಲಿ ಹಿಡಿದ ದಿನ ಅಣ್ಣಮ್ಮ ಯಾಕೆ ಅಷ್ಟು ಬೇಗ "ಓಡಿ ಬಾ ಓಗು" ಅಂದಳೆಂಬುದು ಈಗ ತಿಳಿಯಿತು. ಅವರು ಎದ್ದು ಒಳಗೆ ಹೋಗಿ ದೇವರ ಗೂಡಿನ ಮುಂದೆ ನಿಂತರು. ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ. ಸಂಜೆ ಬಸ್ಸಿಳಿದು ಬಂದ ಹೇಮಶ್ರೀಗೆ, "ಭಾನುವಾರ ನೀನೇ ತಕಂಡೋಗವ್ವ" ಎಂದರು. ಆಮೇಲೆ ಸೇರಿಸಿದರು, "ಓಡ್ಕಂಡೇ ಓಗು."

ಭಾನುವಾರ ನಾಲ್ಕು ಗಂಟೆಗೆ ಹೇಮಶ್ರೀ ತಲೆಗೆ ನೀರು ಹಾಕಿಕೊಂಡು ಬಂದಳು. ಬೆಟ್ಟಮ್ಮ ಅಣ್ಣಮ್ಮನ ಹಳೆಯ ಹಸಿರು ಸೀರೆಯನ್ನು ಹರಿದು, ಕೂಸು ಕಟ್ಟುವ ಹಾಗೆ ತಂಬಿಗೆಯನ್ನು ಅವಳ ಬೆನ್ನಿಗೆ ಬಿಗಿದು ಕಟ್ಟಿದರು. ರಜೆ ಹಾಕಿದ್ದ ಲೋಕೇಶ ಕೊಟ್ಟಿಗೆಯಿಂದ ಕೂಗಿದ. "ಲೇ ಹೇಮಾ, ಬೇಗ ಬಂದ್ಬುಡು. ನಂಗೆ ಟಿಕೆಟ್ ಹರ್ದು ಹರ್ದು ಕೆಚ್ಚಲು ಹಿಡ್ಯಾದೇ ಮರ್ತೋಗದೆ. ಕೆಂಪಿ ಆಗ್ಲೇ ಒಂದ್ ಒದ್ದಾಯ್ತು!"

ಸರ್ದಾರ್ ಪಾಷಾ ನಸುಕಿನ ಫಜರ್ ನಮಾಜಿಗೆ ದಾರಿಯಲ್ಲೇ ನಿಲ್ಲಿಸುತ್ತೇನೆಂದು ಮೊದಲೇ ಹೇಳಿ ಆಟೊ ತಂದಿದ್ದ. ತಿಮ್ಮರಾಜು, ಅನು ಹತ್ತಿದರು. ಹೇಮಶ್ರೀ ಮುಂದೆ, ಆಟೊದ ಬೆಳಕು ಹಿಂದೆ. ಅವಳು ಜೋರಾಗಿ ಓಡಲಿಲ್ಲ. ಗಂಟೆ ಬಡಿದ ಹಾಗೆ ಒಂದೇ ಹದದಲ್ಲಿ ಹೆಜ್ಜೆ ಹಾಕಿದಳು. ಕಬ್ಬಿನ ಗದ್ದೆಗಳ ಮೇಲಿನ ಮಂಜು ಅವಳು ಓಡಿದ ಕಡೆ ಸರಿದು ಮತ್ತೆ ಕೂಡಿಕೊಳ್ಳುತ್ತಿತ್ತು. ಬೆನ್ನಿನ ಮೇಲೆ ಆ ಹಸಿರು ಸೀರೆಯ ಗಂಟು. ಅದರ ಮೇಲಿನಿಂದ ತಿಮ್ಮರಾಜು ಕಣ್ಣು ತೆಗೆಯಲಿಲ್ಲ. ಮುಂದೆ ಓಡುತ್ತಿದ್ದವಳು ಒಬ್ಬಳೋ ಇಬ್ಬರೋ ಎಂದು ಒಂದೊಂದು ಸಲ ಅವರಿಗೆ ಗೊತ್ತಾಗುತ್ತಿರಲಿಲ್ಲ.

ದಾರಿಬದಿಯ ಹಳ್ಳಿಯೊಂದರಲ್ಲಿ ಚಹದಂಗಡಿಯ ಮುಂದಿದ್ದವರು ಕೂಗಿದರು. "ಯಾಕ್ರಣ್ಣ, ಆಯಮ್ಮನ್ನ ಆಟೋಲಿ ಅಟ್ಟಿಸ್ಕಂಡ್ ಓಯ್ತಾ ಇದೀರಿ?"

"ನಾವಲ್ಲ ಕಣ್ರಯ್ಯ," ಎಂದ ಪಾಷಾ, "ಆಯಮ್ಮ ನಮ್ಮನ್ನ ಎಳ್ಕಂಡ್ ಓಗ್ತಾವ್ಳೆ!"

ಹದಿನೆಂಟು ಕಿಲೋಮೀಟರು ಕಳೆಯಿತು. ಬಿಸಿಲು ಬಂತು. ಬೆಟ್ಟದ ಏರು ಶುರುವಾದಲ್ಲಿ ಹೇಮಶ್ರೀ ತಟ್ಟನೆ ನಿಂತಳು. ಎಡಗಾಲಿನ ಮೀನಖಂಡ ಗಂಟು ಕಟ್ಟಿಕೊಂಡಿತ್ತು. ಒಂಟಿಗಾಲಲ್ಲಿ ನಿಂತು ಹಲ್ಲು ಕಚ್ಚಿ ನೋಡಿದಳು. ಕಾಲು ನೀಡಿ ಕೂತು ನೀವದ ಹೊರತು ಅದು ಬಿಡುವಂತಿರಲಿಲ್ಲ. ಆದರೆ ಮೀಸಲು ಹೊತ್ತವರು ಕೂರುವಂತಿಲ್ಲ. ಆಟೊದಲ್ಲಿ ಇಡುವಂತಿಲ್ಲ, ಪಾಷಾನ ಕೈಗೆ ಕೊಡುವಂತಿಲ್ಲ. ವರ್ಷ ಕಾದ ತುಪ್ಪ ನಾಲ್ಕು ಕಿಲೋಮೀಟರಿನಲ್ಲಿ ಕೆಡುವ ಹಾಗಾಯಿತು. ಅವಳ ಮುಖದಲ್ಲಿ ನೋವಿಗಿಂತ ಭಯ ಹೆಚ್ಚಾಗಿತ್ತು. "ಮಾವ..." ಎಂದಳು.

ತಿಮ್ಮರಾಜು ಆಗಲೇ ಆಟೊ ಇಳಿದಿದ್ದರು. ಚಪ್ಪಲಿ ಕಳಚಿ, ಗಂಟು ಬಿಚ್ಚಿ, ತಂಬಿಗೆಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡರು. "ನೀನ್ ಕೂತ್ಕ. ಚೆನ್ನಾಗಿ ನೀವ್ಕ. ನಾನ್ ಮುಂದ್ಕೋಯ್ತಿರ್ತೀನಿ."

"ಮಂಡಿ, ಮಾವ!"

"ಇರ್ಲಿ ಬುಡವ್ವ. ಇಬ್ರು ಹೆಂಗಸ್ರು ಓಡಿ ತಂದಿದ್ನ ನಾಕ್ ಹೆಜ್ಜೆ ಹೊರ್ದಿದ್ರೆ ನಾನ್ಯಾತರ್ ಗಂಡ್ಸು?"

ಅನು ಇಳಿದು ಬಂದು ಅಜ್ಜನ ಪಂಚೆಯ ತುದಿ ಹಿಡಿದಳು. ಒಂದೊಂದು ಹೆಜ್ಜೆಗೂ ಗೋವಿಂದ ಎನ್ನುತ್ತ ತಿಮ್ಮರಾಜು ಏರು ಹತ್ತಿದರು. ಹಿತ್ತಾಳೆ ತಣ್ಣಗಿತ್ತು. ಅದರ ಬಾಯಿಗೆ ಅಣ್ಣಮ್ಮ ಹಾಕಿದ ಗಂಟು ಹಾಗೆಯೇ ಇತ್ತು. ಒಂದು ವರ್ಷದಿಂದ ಅವಳು ಮುಟ್ಟಿದ್ದನ್ನು ಇಷ್ಟು ಹೊತ್ತು ಹಿಡಿದಿರಲಿಲ್ಲ ಅವರು. ಮಂಡಿ ನೋಯಿತು, ಬಹಳ ನೋಯಿತು. ನಿಲ್ಲಬೇಕೆನ್ನಿಸಲಿಲ್ಲ. ಎಷ್ಟು ದೂರ ನಡೆದರೋ, ಹಿಂದಿನಿಂದ ಆ ಪರಿಚಯದ ಸದ್ದು ಕೇಳಿತು, ಮೊದಲು ಎಡವಿ ಎಡವಿ, ಆಮೇಲೆ ಒಂದೇ ಸಮನಾಗಿ.

"ಕೊಡಿ ಮಾವ" ಎಂದಳು ಹೇಮಶ್ರೀ. ಕೊಟ್ಟರು.

ಬೆಟ್ಟದ ಊರು ಮುಟ್ಟುವಲ್ಲಿ ಅವಳು ಶೂ ಬಿಟ್ಟು ಬರಿಗಾಲಾದಳು. ಕಲ್ಯಾಣಿಯಲ್ಲಿ ಕಾಲು ತೊಳೆದು ಗುಡಿಗೆ ಹೋದರು. ಗರ್ಭಗುಡಿಯ ಮುಂದೆ ತಂಬಿಗೆ ಮೊದಲ ಸಲ ನೆಲ ಮುಟ್ಟಿತು. ಬಟ್ಟೆ ಬಿಚ್ಚಿದರೆ ಅಂಚಿನಲ್ಲಿ ತುಸು ಕರಗಿದ್ದು ಬಿಟ್ಟರೆ ತುಪ್ಪ ಇಟ್ಟ ಹಾಗೆಯೇ ಇತ್ತು.

"ಯಾರ ಹೆಸರಿನಲ್ಲಿ?" ಎಂದು ಅರ್ಚಕರು ಕೇಳಿದರು.

"ಅಣ್ಣಮ್ಮ" ಎಂದರು ತಿಮ್ಮರಾಜು.

"ಮೀಸಲು ತಾನೇ? ನಡೆದು ಬಂದಿರಾ?"

ಸ್ವಾಮಿಯ ಎದುರಿಗೆ ಸುಳ್ಳು ಹೇಳುವುದು ಹೇಗೆ? "ಇಲ್ಲ ಸ್ವಾಮಿ" ಎಂದರು, "ನಮ್ಮ ಸೊಸೆ. ಓಡ್ಕಂಡ್ ಬಂದ್ಲು."

ಅರ್ಚಕರು ಹೇಮಶ್ರೀಯ ಬೆವರಿದ ಮುಖ, ಧೂಳು ತೊಳೆದ ಪಾದ ನೋಡಿದರು. "ಓಡಿ ಬಂದವರನ್ನು ಕಾಯಿಸಬಾರದು" ಎಂದು ತಂಬಿಗೆ ಎತ್ತಿಕೊಂಡು ಒಳಗೆ ಹೋದರು. ನಂದಾದೀಪ ಒಮ್ಮೆ ಎದ್ದು ಬೆಳಗಿತು.

ಬರುವಾಗ ಆಟೊದ ಹಿಂದೆ ಗೋಣಿಚೀಲಗಳ ಮೇಲೆ ತಾಯಿ ಮಗಳು ಇಬ್ಬರೂ ನಿದ್ದೆ ಹೋದರು. ಪಾಷಾ ಹಳ್ಳಗಳನ್ನು ತಪ್ಪಿಸಿ ತಪ್ಪಿಸಿ ಓಡಿಸಿದ. ಮನೆಯಲ್ಲಿ ಬೆಟ್ಟಮ್ಮ ಮೊಸರು ಕಡೆದು ಇಟ್ಟಿದ್ದರು. ಮೊದಲ ಮುದ್ದೆ ಬೆಣ್ಣೆ ಅಣ್ಣಮ್ಮನ ಪಟದ ಮುಂದೆ, ಎರಡನೆಯದು ಅನುವಿನ ರೊಟ್ಟಿಯ ಮೇಲೆ. ಮಗು ತಿಂದು, ಬೆರಳು ನೆಕ್ಕಿ, "ಅಜ್ಜಿ ಪಾಲೂ ನಾನೇ ತಿನ್ಲಾ?" ಎಂದಿತು.

"ತಿನ್ನು. ಅವ್ಳು ಬ್ಯಾಡ ಅನ್ನಾಕಿಲ್ಲ" ಎಂದರು ತಿಮ್ಮರಾಜು.

ಸಂಜೆ ಹೇಮಶ್ರೀ ಚೊಂಬು ತೆಗೆದುಕೊಂಡಾಗ ಅವರು ಕೈಯಿಂದ ಕಸಿದುಕೊಂಡು ತಾವೇ ಕರೆದರು. ಕುಂಟುತ್ತ ಡೇರಿಗೆ ಹೋದರು. ಹಾಲು ಅಳೆಯುತ್ತಿದ್ದ ಪುಟ್ಟರಾಜು ಗಡಿಯಾರ ನೋಡಿ ಆಶ್ಚರ್ಯಪಟ್ಟ. "ಏನ್ ತಿಮ್ರಾಜಣ್ಣ, ಒತ್ತಿಗ್ ಸರ್ಯಾಗ್ ಬಂದ್ಬುಟ್ರಿ? ಇವತ್ತು ಮೇಲ್ಕೋಟೆಗೆ ಮೀಸ್ಲು ಅಂದಿದ್ರಲ್ಲ, ಓಗ್ನಿಲ್ವಾ?"

"ಓಗಿದ್ದೋ" ಎಂದರು ತಿಮ್ಮರಾಜು. ಕ್ಯಾನು ಕೆಳಗಿಟ್ಟು ಕಟ್ಟೆಯ ಮೇಲೆ ಕೂತರು. "ಎಂಗ್ ಓದೋ ಅಂತ ಕೇಳು. ಏಳ್ತೀನಿ. ಮೊದ್ಲು ನಮ್ಮನೇವ್ಳು ಎಂಗ್ ಓಯ್ತಿದ್ಲು ಅಂತ ಏಳ್ತೀನಿ, ಆಮೇಲೆ ನಮ್ ಸೊಸೇದು."

ಹಿಂದೆ ಸಾಲಿನಲ್ಲಿದ್ದವರು ಚೊಂಬುಗಳನ್ನು ಕೆಳಗಿಳಿಸಿ ಹತ್ತಿರಕ್ಕೆ ಬಂದರು.